ಹದಿನೈದನೇ ಸಾಲಿಗೆ ಹಾಕಿದ ಗುರುತು

ಅರಗಮ್ಮನಿಗೆ ಜನರನ್ನು ತಾತ್ಸಾರ ಮಾಡುವುದು ಉಸಿರಾಡಿದಷ್ಟೇ ಸಲೀಸು. ಇಪ್ಪತ್ತೇಳು ವರ್ಷ ಒಂದು ಬ್ಯಾಂಕಿನ ನೆಲಮಾಳಿಗೆಯಲ್ಲಿ ಲಾಕರ್ ಕೋಣೆ ಕಾದವಳು ಅವಳು. ದೊಡ್ಡ ಮನುಷ್ಯರು ಏನನ್ನು ಕದ್ದುಮುಚ್ಚಿ ಇಡುತ್ತಾರೆ, ಅಪ್ಪ ಸತ್ತ ಮೂರನೇ ದಿನಕ್ಕೆ ಮಕ್ಕಳು ಹೇಗೆ ಕೀಲಿ ಹಿಡಿದುಕೊಂಡು ಓಡಿಬರುತ್ತಾರೆ, ಅಣ್ಣನಿಗೆ ತಿಳಿಯದಂತೆ ತಮ್ಮ, ತಮ್ಮನಿಗೆ ತಿಳಿಯದಂತೆ ಅಣ್ಣ ಹೇಗೆ ಬೇರೆ ಬೇರೆ ಹೊತ್ತಿಗೆ ಬಂದು ಒಂದೇ ಪೆಟ್ಟಿಗೆ ತಡಕಾಡುತ್ತಾರೆ, ಇದನ್ನೆಲ್ಲ ಕಂಡು ಕಂಡು ಅವಳ ಕೆಳತುಟಿ ಸ್ವಲ್ಪ ಮುಂದೆ ಬಂದು ಅಲ್ಲೇ ನಿಂತುಬಿಟ್ಟಿತ್ತು. ಹೊಸಬರು ನೋಡಿದರೆ ಈಯಮ್ಮನಿಗೆ ಏನೋ ಹುಳಿ ತಿಂದಂತಾಗಿದೆ ಎಂದುಕೊಳ್ಳಬೇಕು. ಹಳಬರಿಗೆ ಗೊತ್ತಿತ್ತು, ಆ ತುಟಿ ತಮ್ಮ ಬಗ್ಗೆ ಬರೆದುಕೊಟ್ಟ ಸರ್ಟಿಫಿಕೇಟು ಎಂದು.

ಬ್ಯಾಂಕು ಆ ಶಾಖೆಯನ್ನು ಮುಚ್ಚಿ ಕಟ್ಟಡವನ್ನು ಜಿಮ್ಮಿಗೆ ಬಾಡಿಗೆಗೆ ಕೊಟ್ಟಿತು. ಐವತ್ತೆರಡರ ಹೆಂಗಸಿಗೆ ಇನ್ನು ಯಾರು ಕೆಲಸ ಕೊಡುತ್ತಾರೆ ಎಂದು ಅವಳು ಮನೆಯಲ್ಲಿ ಕೂತು ಕಿಟಕಿಯಿಂದ ಬೀದಿಯ ಜನರನ್ನು ತಾತ್ಸಾರ ಮಾಡುತ್ತಿದ್ದಾಗ, ಕೆಲಸವೇ ಹುಡುಕಿಕೊಂಡು ಬಂತು.

ಬಂದದ್ದು ಒಂದು ಕಾಪಿನ ಕಂಪನಿಯಿಂದ. ಹಣವನ್ನಲ್ಲ, ಡಿಜಿಟಲ್ ನಾಣ್ಯಗಳನ್ನು ಕಾಯುವ ಕಂಪನಿ. ಕಣ್ಣಿಗೆ ಕಾಣದ ನಾಣ್ಯವನ್ನು ಕಾಯುವುದೆಂದರೆ ಏನು ಎಂದು ಅರಗಮ್ಮ ಮೊದಲ ದಿನವೇ ಕೇಳಿದ್ದಳು. ಕಾಯುವುದು ಕೀಲಿಯನ್ನು ಎಂದರು. ಆ ಕೀಲಿ ಎಂದರೂ ಕಬ್ಬಿಣದ್ದಲ್ಲ, ಒಂದಿಷ್ಟು ಪದಗಳು. ಯಾರ ಹತ್ತಿರ ಆ ಪದಗಳಿವೆಯೋ ನಾಣ್ಯ ಅವರದ್ದು. ಪದ ಕಳೆದರೆ ನಾಣ್ಯ ಇದ್ದಲ್ಲೇ ಇರುತ್ತದೆ, ಆದರೆ ಬ್ರಹ್ಮ ಬಂದರೂ ಅದನ್ನು ಅಲ್ಲಾಡಿಸಲಾರ. ಅದರಲ್ಲೂ ಈ ಕಂಪನಿ ಕಾಯುತ್ತಿದ್ದದ್ದು ಗುಟ್ಟಿನ ಬ್ಲಾಕ್‌ಚೈನಿನ ನಾಣ್ಯಗಳನ್ನು. ಮಾಮೂಲು ಬ್ಲಾಕ್‌ಚೈನಿನಲ್ಲಿ ಯಾವ ಗಂಟಿನಿಂದ ಯಾವ ಗಂಟಿಗೆ ಎಷ್ಟು ಹೋಯಿತು ಎಂದು ಬೇಕಾದವರು ನೋಡಬಹುದು. ಇದರಲ್ಲಿ ಹೊರಗಿನವರಿಗೆ ಏನೂ ಕಾಣುವುದಿಲ್ಲ. ಅದಕ್ಕೇ ಇಲ್ಲಿ ಕೀಲಿ ಎರಡು: ಒಂದು ಬರೀ ನೋಡುವುದಕ್ಕೆ, ಇನ್ನೊಂದು ತೆಗೆಯುವುದಕ್ಕೆ. ನೋಡುವ ಕೀಲಿಯನ್ನು ಗಿರಾಕಿಗೂ ಲೆಕ್ಕ ಪರಿಶೋಧಕರಿಗೂ ಕೊಡುತ್ತಾರೆ. ತೆಗೆಯುವ ಕೀಲಿಯನ್ನು ಐದು ಚೂರು ಮಾಡಿ ಐದು ಜನರ ಹೆಸರಿನಲ್ಲಿ ಇಡುತ್ತಾರೆ. ಯಾವುದಾದರೂ ಮೂರು ಚೂರು ಸೇರಿದರೆ ಪೆಟ್ಟಿಗೆ ತೆರೆಯುತ್ತದೆ.

ಕೀಲಿ ಹುಟ್ಟಿಸುವಾಗ ಕಂಪನಿಯ ಲಾಭದಲ್ಲಿ ಪಾಲಿಲ್ಲದ ಒಬ್ಬ ಸಾಕ್ಷಿ ಕೋಣೆಯಲ್ಲೇ ಕೂತಿರಬೇಕು ಎಂದು ಸರ್ಕಾರ ನಿಯಮ ಮಾಡಿತ್ತು. ಆ ಸಾಕ್ಷಿಯ ಕೆಲಸ ಅರಗಮ್ಮನದು. ಕೀಲಿಯ ಚೂರು ಹಾಕಿಡುವ ಕವರಿಗೆ ಅಂಟಿಸಲು ಕಂಪನಿಯವರು ಹೊಳೆಯುವ ಸ್ಟಿಕ್ಕರ್ ಕೊಟ್ಟಾಗ ಅವಳು ಅದನ್ನು ಉಗುರಿನಿಂದ ಎಬ್ಬಿಸಿ, ಮತ್ತೆ ಅಂಟಿಸಿ, ಮೇಜಿನ ಮೇಲೆ ಎಸೆದಳು. “ಅರಗು ತರ್ಸಿ. ಒಡೆದ್ರೆ ಒಡೆದಿದ್ದು ಕಾಣತ್ತೆ” ಎಂದಳು. ಅಂದಿನಿಂದ ಅವಳು ಎಲ್ಲರಿಗೂ ಅರಗಮ್ಮ, ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಇನ್ನು ಕಂಪನಿಯ ದೊಡ್ಡವರು. ಅಧ್ಯಕ್ಷನದು ಒಂದೇ ಮಾತು. ಗಿರಾಕಿ ಬರಲಿ, ಪತ್ರಿಕೆಯವರು ಬರಲಿ, ಎರಡೂ ಕೈ ಅಗಲಿಸಿ, “ನಮ್ಮಲ್ಲಿ ಯಾರನ್ನೂ ನಂಬಬೇಕಾಗಿಲ್ಲ, ಗಣಿತವನ್ನು ನಂಬಿದರೆ ಸಾಕು” ಎನ್ನುತ್ತಿದ್ದ. ಹೋಟೆಲಿನಲ್ಲಿ ನಾಲ್ಕು ಜನರ ಬಿಲ್ಲನ್ನು ಭಾಗ ಮಾಡಲು ಫೋನು ಹೊರತೆಗೆಯುವ ಮನುಷ್ಯನ ಬಾಯಲ್ಲಿ ಗಣಿತದ ಮಾತು ಕೇಳಿ ಅರಗಮ್ಮನ ತುಟಿ ಇನ್ನಷ್ಟು ಮುಂದೆ ಬರುತ್ತಿತ್ತು. ತಾಂತ್ರಿಕ ಮುಖ್ಯಸ್ಥನನ್ನು ಎಲ್ಲರೂ ಬೆನ್ನ ಹಿಂದೆ ಗಡ್ಡ ಎಂದೇ ಕರೆಯುತ್ತಿದ್ದರು. ವರ್ಷದಲ್ಲಿ ನೂರು ದಿನ ಅವನು ಯಾವುದಾದರೂ ವೇದಿಕೆಯ ಮೇಲೆ ಗಡ್ಡ ನೀವುತ್ತಾ ನಿಂತಿರುತ್ತಿದ್ದ, ಉಳಿದ ದಿನ ಅದಕ್ಕೆ ಅಭ್ಯಾಸ ಮಾಡುತ್ತಿದ್ದ. ಕಂಪನಿಯಲ್ಲಿ ಕೆಲಸ ಬಲ್ಲವಳು ಒಬ್ಬಳೇ ಇದ್ದಳು, ಒಬ್ಬ ಎಂಜಿನಿಯರ್, ಎರಡು ಮಕ್ಕಳ ತಾಯಿ. ಕೀಲಿ ಹುಟ್ಟಿಸುವ ಹದಿನೆಂಟು ನಿಯಮಗಳನ್ನು ಬರೆದವಳು ಅವಳು. ನಿಯಮ ಬರೆದು ಮುಗಿದ ಮೇಲೆ ಇವಳಿಗೆ ಇನ್ನೇನು ಕೆಲಸ ಎಂದು ಅವಳನ್ನು ಮನೆಗೆ ಕಳಿಸಿದರು. ಅವಳ ಉಳಿದ ಸಂಬಳದಲ್ಲಿ ಗೋಡೆಗೆ ಒಂದು ದೊಡ್ಡ ಟಿವಿ ಪರದೆ ಬಂತು, ಅದರಲ್ಲಿ ಬೀಗದ ಚಿತ್ರ ತಿರುಗುತ್ತಿತ್ತು.

ಎಂಟನೇ ಪೆಟ್ಟಿಗೆಯ ಕೀಲಿ ಹುಟ್ಟಿಸಿದ್ದು ಆ ಎಂಜಿನಿಯರ್ ಕೆಲಸ ಬಿಟ್ಟ ತಿಂಗಳಲ್ಲೇ. ಗಿರಾಕಿ ಇನ್ನೂ ಗೊತ್ತಾಗಿರಲಿಲ್ಲ. ಮುಂದೆ ಬರುವವರಿಗೆ ಬೇಕಾಗುತ್ತದೆ ಎಂದು ಮೊದಲೇ ಮಾಡಿಡುವುದು ಅಲ್ಲಿನ ಪದ್ಧತಿ.

ಕೋಣೆ ಸಣ್ಣದು, ಕಿಟಕಿ ಇಲ್ಲ, ಗೋಡೆಗೆಲ್ಲ ತಾಮ್ರದ ಬಲೆ. ಫೋನು, ಗಡಿಯಾರ, ಪೆನ್ನು ಎಲ್ಲವನ್ನೂ ಹೊರಗಿನ ಬುಟ್ಟಿಯಲ್ಲಿ ಹಾಕಿ ಒಳಗೆ ಬರಬೇಕು. ಒಳಗೆ ಒಂದು ಮೂಲೆಗೆ ಪರದೆ ಕಟ್ಟಿ, ಅದರ ಹಿಂದೆ ಸಣ್ಣ ಮೇಜು, ಮೇಜಿನ ಮೇಲೆ ಅಂಗೈ ಅಗಲದ ಒಂದು ಯಂತ್ರ. ಐದು ಜನ ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಬೇಕು. ಯಂತ್ರ ಅವರ ಪಾಲಿನ ಚೂರನ್ನು ಇಪ್ಪತ್ತು ಪದಗಳಾಗಿ ತೋರಿಸುತ್ತದೆ. ಅದನ್ನು ಪೆನ್ಸಿಲಿನಿಂದ ತಮ್ಮ ಕೈಯಲ್ಲೇ ಚೀಟಿಯಲ್ಲಿ ಬರೆದು, ಕವರಿನಲ್ಲಿ ಹಾಕಿ ತರಬೇಕು. ಪರದೆಯ ಈಚೆ ಕೂತ ಅರಗಮ್ಮ ಅದಕ್ಕೆ ಅರಗು ಹಾಕುತ್ತಾಳೆ, ಕವರು ಕಂಪನಿಯ ಖಜಾನೆ ಸೇರುತ್ತದೆ. ಹದಿನಾಲ್ಕನೇ ನಿಯಮ ಹೇಳುತ್ತಿತ್ತು: ಮೂರು ನಿಮಿಷ ಸುಮ್ಮನೆ ಬಿಟ್ಟರೆ ಯಂತ್ರ ಆರಿಹೋಗುತ್ತದೆ, ಮಾಡಿದ ಕೀಲಿಯನ್ನು ಮರೆಯುತ್ತದೆ, ಮತ್ತೆ ಹಚ್ಚಿದರೆ ಹೊಸ ಕೀಲಿಯನ್ನೇ ಹುಟ್ಟಿಸುತ್ತದೆ, ಆದ್ದರಿಂದ ಆರಿದರೆ ಬರೆದ ಚೀಟಿಗಳನ್ನೆಲ್ಲ ಹರಿದು ಮೊದಲಿನಿಂದ ಶುರುಮಾಡಿ. ಹದಿನೈದನೆಯದು: ಎಲ್ಲ ಮುಗಿದ ಮೇಲೆ ಮೂರು ಚೀಟಿ ಕೂಡಿಸಿ ಪೆಟ್ಟಿಗೆ ತೆರೆದು ನೋಡಿ, ತೆರೆದರೆ ಮಾತ್ರ ಅದಕ್ಕೆ ನಾಣ್ಯ ಹಾಕಿ.

ಅವತ್ತು ಮೊದಲು ಹೋದವರು ಇಬ್ಬರು ನಿರ್ದೇಶಕರು. ಹೆಸರಿಗೆ ನಿರ್ದೇಶಕರು, ಒಬ್ಬ ಅಧ್ಯಕ್ಷನ ಭಾವಮೈದುನ, ಇನ್ನೊಬ್ಬ ಆ ಭಾವಮೈದುನನ ಗೆಳೆಯ. ಪಾಪ, ಬರೆದು ಬಂದರು. ಮೂರನೆಯವನು ಅಧ್ಯಕ್ಷ. ಪರದೆಯ ಹಿಂದೆ ಹೋದ, ಪೆನ್ಸಿಲ್ ಮುರಿದ, ಇನ್ನೊಂದು ಕೇಳಿದ. ಅಷ್ಟರಲ್ಲಿ ಬಾಗಿಲಿನಾಚೆ ಫೋಟೋದವನು ಬಂದಿದ್ದಾನೆ ಎಂದು ಯಾರೋ ಬಾಗಿಲು ತಟ್ಟಿದರು. ಕೀಲಿ ಹಾಗೇ ಇರಲಿ, ಮುಖ ಮುಖ್ಯ. ಅಧ್ಯಕ್ಷ ಹೊರಗೆ ಹೋಗಿ, ತಿರುಗುವ ಬೀಗದ ಮುಂದೆ ನಿಂತು, ಕೈ ಅಗಲಿಸಿ, ಹತ್ತು ನಿಮಿಷ ಬಿಟ್ಟು ಬಂದ. ಪರದೆಯ ಹಿಂದಿನಿಂದ ‘ಟುಂಯ್’ ಎಂದು ಯಂತ್ರ ಹೊಸದಾಗಿ ಹೊತ್ತಿಕೊಳ್ಳುವ ಸದ್ದು ಕೇಳಿತು.

ಅರಗಮ್ಮ ಕತ್ತೆತ್ತಿದಳು. “ಸಾರ್, ಆರಿತ್ತಾ ಅದು?”

“ಗುಂಡಿ ಒತ್ತಿದೆ, ಬಂತು.”

“ಆರಿದ್ರೆ ಮೊದಲಿನವರೂ ಮತ್ತೆ ಬರೀಬೇಕಲ್ವಾ? ಹದಿನಾಲ್ಕನೇ ನಿಯಮ...”

“ಅಮ್ಮಾ,” ಎಂದ ಅಧ್ಯಕ್ಷ ಪರದೆಯ ಹಿಂದಿನಿಂದಲೇ, ಮಗುವಿಗೆ ಹೇಳುವ ದನಿಯಲ್ಲಿ. “ಯಂತ್ರದ ವಿಷಯ ಯಂತ್ರ ನೋಡ್ಕೊಳ್ಳತ್ತೆ. ನೀವು ನಿಮ್ಮ ಅರಗು ನೋಡ್ಕೊಳ್ಳಿ.”

ಭಾವಮೈದುನ ಕಿಸಕ್ಕೆಂದು ನಕ್ಕ. ಅರಗಮ್ಮ ಅರಗನ್ನು ದೀಪಕ್ಕೆ ಹಿಡಿದಳು. ಅಧ್ಯಕ್ಷನ ಸರದಿ ಮುಗಿದ ಮೇಲೆ ಕಂಪನಿಯ ವಕೀಲೆ ಹೋಗಿ ತನ್ನದನ್ನು ಬರೆದಳು. ಐದನೆಯವನು ಗಡ್ಡ. ಅವನು ಹೊರಗೆ ಪತ್ರಿಕೆಯವನೊಬ್ಬನಿಗೆ ಕೀಲಿಯ ಮಹಿಮೆ ವಿವರಿಸುತ್ತಿದ್ದ, ಮುಗಿಸಿ ಬರಲು ಕಾಲು ಗಂಟೆಯಾಯಿತು. ಅವನು ಪರದೆಯ ಹಿಂದೆ ಹೋದ ಮೇಲೆ ಮತ್ತೆ ‘ಟುಂಯ್’ ಎಂದಿತು. ಈ ಸಲ ಅರಗಮ್ಮ ಪ್ರಶ್ನೆ ಕೇಳಲಿಲ್ಲ. ಗಡ್ಡ ತನ್ನ ಚೀಟಿಯನ್ನೂ, ಕೊನೆಯಲ್ಲಿ ಯಂತ್ರ ಕೊಟ್ಟ ಪೆಟ್ಟಿಗೆಯ ವಿಳಾಸವನ್ನೂ, ನೋಡುವ ಕೀಲಿಯನ್ನೂ ಬರೆದುಕೊಂಡು ಬಂದ. ಯಂತ್ರ ಅವನು ಬರುವ ಮೊದಲು ಆರಿತ್ತೋ ಉರಿಯುತ್ತಿತ್ತೋ ಎಂದು ಯೋಚಿಸುವ ಮನುಷ್ಯನೇ ಅಲ್ಲ ಅವನು. ಹದಿನೆಂಟು ನಿಯಮಗಳ ಬಗ್ಗೆ ಆರು ದೇಶಗಳಲ್ಲಿ ಭಾಷಣ ಮಾಡಿದ್ದ, ಒಂದು ಸಲವೂ ಓದಿರಲಿಲ್ಲ.

ಆಗಲೇ ಊಟದ ಹೊತ್ತು ಮೀರಿತ್ತು. “ಪರೀಕ್ಷೆ?” ಎಂದಳು ವಕೀಲೆ. “ಏಳು ಪೆಟ್ಟಿಗೆ ತೆರೀತಲ್ಲ, ಎಂಟನೇದು ಯಾಕೆ ತೆರೆಯಲ್ಲ?” ಎಂದ ಗಡ್ಡ. ಸಾಕ್ಷಿಯ ಹಾಳೆ ಅರಗಮ್ಮನ ಮುಂದೆ ಬಂತು. ಹದಿನೆಂಟು ಸಾಲು, ಪ್ರತಿ ಸಾಲಿನ ಮುಂದೆ ಒಂದು ಚೌಕ. ಅವಳು ಮೇಲಿನಿಂದ ಕೆಳಗೆ ಒಂದೇ ಉಸಿರಿಗೆ ಗುರುತು ಹಾಕಿಕೊಂಡು ಬಂದು, ಕೆಳಗೆ ಸಹಿ ಮಾಡಿದಳು. ಎಲ್ಲರೂ ಊಟಕ್ಕೆ ಎದ್ದರು.

ಅರಗಮ್ಮನ ಮನೆಯೆಂದರೆ ಮೂರನೇ ಮಹಡಿಯ ಎರಡು ಕೋಣೆ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಅವಳ ಅಕ್ಕ. ಜಗತ್ತಿನಲ್ಲಿ ಅರಗಮ್ಮ ತಾತ್ಸಾರ ಮಾಡದಿದ್ದದ್ದು ಈ ಅಕ್ಕನೊಬ್ಬಳನ್ನೇ. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಮೂವತ್ತು ವರ್ಷ ನಿಂತು ನಿಂತು ಮಂಡಿ ಸವೆಸಿಕೊಂಡ ನರ್ಸು. ಆರು ಆಸ್ಪತ್ರೆಗಳ ನರ್ಸುಗಳ ಸಂಘಕ್ಕೆ ಖಜಾಂಚಿ. ಗಂಡ ತೀರಿಕೊಂಡ ಮೇಲೆ ತಂಗಿಯ ಜೊತೆ ಬಂದು ಉಳಿದಿದ್ದಳು. ಜಗಳವಾಡಿದರೂ ಅವಳ ಮಾತಿನಲ್ಲಿ ವಿಷವಿರುತ್ತಿರಲಿಲ್ಲ, ಅದು ತಂಗಿಗೆ ಎಂದೂ ಅರ್ಥವಾಗದ ವಿದ್ಯೆ.

ಸಂಘದವರು ಹಿಂದೊಮ್ಮೆ ಮುಷ್ಕರ ಹೂಡಿ ಸೋತಿದ್ದರು. ಮುಷ್ಕರದ ನಿಧಿ ಬ್ಯಾಂಕಿನಲ್ಲಿತ್ತು, ಎಷ್ಟಿದೆ ಎಂಬ ಸುದ್ದಿ ಅಲ್ಲಿಂದ ಆಸ್ಪತ್ರೆಯ ಮಾಲೀಕರ ಕಿವಿಗೆ ಹೋಯಿತು. ಅವರು ಲೆಕ್ಕ ಹಾಕಿ, ಹತ್ತೊಂಬತ್ತು ದಿನ ಬಾಯಿ ಬಿಡದೆ ಕೂತು, ನಿಧಿ ಬರಿದಾದ ಮರುದಿನ ಬೆಳಗ್ಗೆ ಮಾತುಕತೆಗೆ ಕರೆದರು. ಹಸಿದವರು ಏನು ಮಾತಾಡುತ್ತಾರೆ? ಕೊಟ್ಟದ್ದನ್ನು ತೆಗೆದುಕೊಂಡು ಕೆಲಸಕ್ಕೆ ಹೋದರು. ಈ ಸಲ ನಿಧಿ ಎಷ್ಟಿದೆ ಎಂದು ನರಪಿಳ್ಳೆಗೂ ಗೊತ್ತಾಗಬಾರದು ಎಂದು ಅಕ್ಕ ಹಟ ಹಿಡಿದಳು. ಗುಟ್ಟಿನ ನಾಣ್ಯವೇ ಸರಿ ಎಂದು ಸಂಘದಲ್ಲಿ ತೀರ್ಮಾನವಾಯಿತು. ಆದರೆ ಸಂಘದ ನಿಧಿಯನ್ನು ಪರವಾನಗಿ ಇರುವ ಕಾಪಿನ ಕಂಪನಿಯಲ್ಲೇ ಇಡಬೇಕು ಎಂದು ಕಾನೂನು. ಅಂಥ ಕಂಪನಿಗಳು ಎರಡು ಮೂರು ಇದ್ದವು. ಸಭೆಯಲ್ಲಿ ಅಕ್ಕ ಎದ್ದು ನಿಂತು, “ಆ ಕಂಪನಿ ಹೇಗೋ ನನಗೆ ಗೊತ್ತಿಲ್ಲ. ಆದ್ರೆ ಅಲ್ಲಿ ಸಾಕ್ಷಿ ಸಹಿ ಹಾಕೋಳು ನನ್ನ ತಂಗಿ. ಅವಳು ದೇವರು ಬಂದ್ರೂ ಗುರುತಿನ ಚೀಟಿ ಕೇಳೋಳು” ಎಂದಳು. ಎಲ್ಲರೂ ನಕ್ಕು ಕೈಯೆತ್ತಿದರು.

ಇದನ್ನು ಅಕ್ಕ ಮನೆಗೆ ಬಂದು ಖುಷಿಯಲ್ಲಿ ಹೇಳಿದಾಗ ಅರಗಮ್ಮನಿಗೂ ಖುಷಿಯಾಯಿತು. ಮಾರನೆಯ ವಾರ ಕಚೇರಿಯ ದಾಖಲೆ ಪುಸ್ತಕದಲ್ಲಿ ನರ್ಸುಗಳ ಸಂಘದ ಮುಂದೆ ಪೆಟ್ಟಿಗೆಯ ಸಂಖ್ಯೆ ನೋಡಿದಳು. ಎಂಟು ಎಂದು ಬರೆದಿತ್ತು. ಎಂಟು ತಿಂಗಳ ಹಿಂದಿನ ಆ ಎರಡು ‘ಟುಂಯ್’ ಅವಳ ಕಿವಿಯಲ್ಲಿ ಕೇಳಿದಂತಾಯಿತು.

ಅವಳು ನೇರವಾಗಿ ಗಡ್ಡನ ಕೋಣೆಗೆ ಹೋದಳು. “ಸಾರ್, ಎಂಟನೇದನ್ನ ಆಮೇಲೆ ಪರೀಕ್ಷೆ ಮಾಡಿದ್ರಾ?”

ಗಡ್ಡ ಕಂಪ್ಯೂಟರಿನಿಂದ ಕಣ್ಣು ಕೀಳದೆ ಕಡತ ತೆರೆದ, ಹಾಳೆ ನೋಡಿದ, ತಿರುಗಿಸಿ ಅವಳಿಗೂ ತೋರಿಸಿದ. “ಆಗಿದೆಯಲ್ಲಮ್ಮ. ಹದಿನೈದನೇ ಸಾಲು. ಗುರುತು ನಿಮ್ಮದೇ, ಸಹಿನೂ ನಿಮ್ಮದೇ.”

ಅವನು ಸುಳ್ಳು ಹೇಳುತ್ತಿರಲಿಲ್ಲ. ಊಟಕ್ಕೆ ಹೋಗುವ ಆತುರದಲ್ಲಿ ತಾನೇ ಪರೀಕ್ಷೆ ಬೇಡ ಎಂದದ್ದನ್ನು ಅವನು ನಿಜವಾಗಿಯೂ ಮರೆತಿದ್ದ. ಈಗ ಅವನು ನಂಬಿದ್ದು ಗಣಿತವನ್ನೂ ಅಲ್ಲ, ಯಂತ್ರವನ್ನೂ ಅಲ್ಲ, ಅರಗಮ್ಮನ ಒಂದು ಗೀಟನ್ನು. ಪರೀಕ್ಷೆ ಆಗಿಲ್ಲ ಎಂದು ಅಲ್ಲಿಯೇ ಹೇಳಿದ್ದರೆ ಮತ್ತೆ ಒಂದು ಗಂಟೆಯ ಕೆಲಸ, ಅಷ್ಟೇ. ಆದರೆ ಹಾಗೆ ಹೇಳಬೇಕಾದರೆ ಸುಳ್ಳು ಸಹಿ ಹಾಕಿದೆ ಎಂದೂ ಹೇಳಬೇಕಿತ್ತು, ಅದೂ ಈ ಗಡ್ಡನ ಮುಂದೆ. ಮೂವತ್ತು ವರ್ಷದಿಂದ ಊರಿನವರ ಹುಳುಕು ಎಣಿಸಿದವಳಿಗೆ ತನ್ನದೊಂದನ್ನು ಹೇಳಿಕೊಳ್ಳಲು ನಾಲಿಗೆ ಏಳಲಿಲ್ಲ. ತೆರೆಯುತ್ತದೆ ಬಿಡು, ಇಷ್ಟು ದೊಡ್ಡ ಕಂಪನಿ, ಯಂತ್ರವೇ ಏನೋ ನೋಡಿಕೊಂಡಿರುತ್ತದೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅಧ್ಯಕ್ಷನ ಮಾತನ್ನೇ ತಾನು ಹೇಳಿಕೊಳ್ಳುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಸಂಜೆ ಅಕ್ಕ ಕಾಫಿ ಕೊಡುತ್ತಾ ಕೇಳಿದಳು. “ನಾಳೆ ನಿಧಿ ಕಳಿಸ್ತಾ ಇದೀವಿ ಕಣೇ. ಎಲ್ಲಾ ಭದ್ರವಾಗಿದೆ ತಾನೇ?”

“ನಾನೇ ಅರಗು ಹಾಕಿದೀನಿ” ಎಂದಳು ಅರಗಮ್ಮ. ಅಕ್ಕನಿಗೆ ಅಷ್ಟು ಸಾಕಾಯಿತು.

ಎರಡು ವರ್ಷ ತಿಂಗಳು ತಿಂಗಳೂ ನಿಧಿ ಸೇರುತ್ತಾ ಹೋಯಿತು. ನೋಡುವ ಕೀಲಿ ಅಕ್ಕನ ಫೋನಿನಲ್ಲಿತ್ತು. ಭಾನುವಾರ ಮಧ್ಯಾಹ್ನ ಕನ್ನಡಕ ಹಾಕಿಕೊಂಡು ಅದನ್ನು ತೆರೆದು, ಬೆಳೆಯುತ್ತಿದ್ದ ಅಂಕಿಯನ್ನು ನೋಡಿ, ಈ ಸಲ ಅರುವತ್ತು ದಿನ ಬೇಕಾದರೂ ಕೂರಬಹುದು ಎಂದು ನಗುತ್ತಿದ್ದಳು. ಅರಗಮ್ಮ ಆಗ ಏನಾದರೂ ನೆಪ ಮಾಡಿ ಅಡುಗೆಮನೆಗೆ ಹೋಗುತ್ತಿದ್ದಳು.

ಮುಷ್ಕರ ಶುರುವಾಯಿತು. ಒಂದು ವಾರಕ್ಕೆ ಆಗುವಷ್ಟನ್ನು ಎಲ್ಲರೂ ಮನೆಯಲ್ಲೇ ಕೂಡಿಟ್ಟುಕೊಂಡಿದ್ದರು. ಎಂಟನೇ ದಿನ ಬೆಳಗ್ಗೆ ನಿಧಿ ಬಿಡುಗಡೆ ಮಾಡಿ ಎಂದು ಸಂಘದ ಪತ್ರ ಕಂಪನಿಗೆ ಬಂತು.

ಅದೇ ತಾಮ್ರದ ಬಲೆಯ ಕೋಣೆ. ಅಧ್ಯಕ್ಷ, ಗಡ್ಡ, ವಕೀಲೆ, ಮೂವರ ಕವರು. ಅರಗಮ್ಮ ಅರಗು ನೋಡಿ, ಸರಿಯಾಗಿದೆ ಎಂದು ಬರೆದು, ಒಡೆದುಕೊಟ್ಟಳು. ಗಡ್ಡ ಮೂರು ಚೀಟಿಯ ಪದಗಳನ್ನು ಯಂತ್ರಕ್ಕೆ ಒತ್ತಿದ. ಯಂತ್ರ ಒಂದು ಗಳಿಗೆ ಯೋಚಿಸಿ, ಈ ಚೂರುಗಳು ಒಂದೇ ಕೀಲಿಯವಲ್ಲ ಎಂದು ತೋರಿಸಿತು. ಗಡ್ಡ ಮತ್ತೆ ಒತ್ತಿದ. ಮತ್ತೆ ಅದೇ. ನಿರ್ದೇಶಕರಿಬ್ಬರ ಕವರನ್ನೂ ತರಿಸಿದರು. ಐದರಲ್ಲಿ ಯಾವ ಮೂರು ಕೂಡಿಸಿದರೂ ಅದೇ ಸಾಲು. ಕೂಡಿಸಬಹುದಾದ ಹತ್ತು ಬಗೆಯೂ ಮುಗಿದ ಮೇಲೆ ಗಡ್ಡ ಹನ್ನೊಂದನೆಯದನ್ನು ಹುಡುಕುತ್ತಾ ಕೂತ. ಬೆವರು ಗಡ್ಡದೊಳಗೆ ಇಳಿಯುತ್ತಿತ್ತು.

“ಎರಡು ಸಲ ಆರಿತ್ತು” ಎಂದಳು ಅರಗಮ್ಮ ಅಧ್ಯಕ್ಷನ ಕಡೆ ತಿರುಗಿ. ಅವಳಿಗೆ ಲೆಕ್ಕ ಆಗಲೇ ಸಿಕ್ಕಿತ್ತು. “ನಿರ್ದೇಶಕರದು ಮೊದಲನೇ ಕೀಲಿ. ನಿಮ್ಮದೂ ವಕೀಲರದೂ ಎರಡನೇದು. ಗಡ್ಡದ ಸಾರ್ ಇವರದೊಂದೇ ಮೂರನೇದು. ವಿಳಾಸ ಬರೆದುಕೊಂಡಿದ್ದು ಆ ಮೂರನೇದರದ್ದು. ನಾಣ್ಯ ಇರೋ ಪೆಟ್ಟಿಗೆಗೆ ಈ ಭೂಮಿ ಮೇಲೆ ಇರೋದು ಒಂದೇ ಚೂರು.”

ಕಳ್ಳ ಬಂದಿರಲಿಲ್ಲ, ಬೆಂಕಿ ಬಿದ್ದಿರಲಿಲ್ಲ. ನಾಣ್ಯಗಳೆಲ್ಲ ಒಂದೂ ಕಡಿಮೆಯಾಗದೆ ಇದ್ದವು, ನೋಡುವ ಕೀಲಿಯಲ್ಲಿ ಈಗಲೂ ಕಾಣುತ್ತಿದ್ದವು, ಇನ್ನು ನೂರು ವರ್ಷವೂ ಕಾಣುತ್ತವೆ. ತೆಗೆಯಲು ಮಾತ್ರ ಯಾರಿಂದಲೂ ಆಗುವುದಿಲ್ಲ. ಫೋಟೋಕ್ಕೆ ನಿಂತ ಹತ್ತು ನಿಮಿಷ, ಭಾಷಣದ ಕಾಲು ಗಂಟೆ, ಇಷ್ಟರಲ್ಲಿ ಎರಡು ಸಾವಿರ ಮನೆಗಳ ಕೂಳು ಮುಗಿದಿತ್ತು.

ಆದರೂ ಅಂಥವರ ತಲೆ ಒಂದು ವಿಷಯದಲ್ಲಿ ಬೇಗ ಓಡುತ್ತದೆ. ಮಧ್ಯಾಹ್ನದೊಳಗೆ ಅಧ್ಯಕ್ಷ ಅರಗಮ್ಮನನ್ನು ತನ್ನ ಕೋಣೆಗೆ ಕರೆಸಿ, ಮೆತ್ತನೆ ಕುರ್ಚಿ ತೋರಿಸಿ, ತಾನೇ ನೀರು ಕೊಟ್ಟ. ಇಷ್ಟು ವರ್ಷದಲ್ಲಿ ಮೊದಲ ಸಲ. ಮೇಜಿನ ಮೇಲೆ ಒಂದು ಹಾಳೆ ಇತ್ತು. ಇಂದು ಕವರುಗಳನ್ನು ತೆಗೆದಾಗ ಮೂರರ ಅರಗು ಮೊದಲೇ ಒಡೆದಿತ್ತು, ಒಳಗಿನ ಚೀಟಿ ಬದಲಾಗಿದೆ, ಖಜಾನೆಯ ಸಂಕೇತ ತಿಳಿದಿದ್ದವರಲ್ಲಿ ಕೆಲಸ ಬಿಟ್ಟುಹೋದ ಎಂಜಿನಿಯರ್ ಒಬ್ಬಳು ಎಂದು ಅದರಲ್ಲಿ ಬರೆದಿತ್ತು.

“ಕಳ್ಳತನ ಅಂದ್ರೆ ವಿಮೆಯವರು ಕೊಡ್ತಾರೆ,” ಎಂದ ಅಧ್ಯಕ್ಷ. “ಇಂಥ... ಅಚಾತುರ್ಯಕ್ಕೆ ಕೊಡಲ್ಲ. ನಿಮ್ಮ ಅಕ್ಕ ಆ ಸಂಘದಲ್ಲಿ ಇದಾರಂತೆ. ನೀವು ಸಹಿ ಹಾಕಿದ್ರೆ ಅವರಿಗೂ ಒಳ್ಳೇದೇ ಅಲ್ವಾಮ್ಮ?”

“ದಡ್ಡತನಕ್ಕೆ ಕೊಡಲ್ಲ ಅನ್ನಿ ಸಾರ್.”

“ಏನಾದ್ರೂ ಅನ್ನಿ.”

“ಆ ಹುಡುಗಿ ಜೈಲಿಗೆ ಹೋಗ್ತಾಳೆ.”

“ತನಿಖೆ ಆಗತ್ತೆ. ತಪ್ಪಿಲ್ಲ ಅಂದ್ರೆ ಬಿಡ್ತಾರೆ.” ಅವನು ಮುಂದಕ್ಕೆ ಬಾಗಿದ. “ನೋಡಿ, ಹಳೇ ಹಾಳೆ ಮೇಲೂ ನಿಮ್ಮ ಸಹಿ ಇದೆ. ಇದಕ್ಕೆ ಹಾಕಲ್ಲ ಅಂದ್ರೆ, ಆಮೇಲೆ ಎಲ್ಲರೂ ಅದನ್ನೇ ತಾನೇ ನೋಡೋದು?”

ಅರಗಮ್ಮ ಅವನ ಮುಖವನ್ನು ನೋಡಿದಳು. ಕ್ಯಾಕರಿಸಿ ಉಗಿಯಬೇಕು ಅನ್ನಿಸುವಷ್ಟು ಹೇಸಿಗೆಯಾಯಿತು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವವರನ್ನು ಅವಳು ಕಂಡಿದ್ದಳು. ಇವನು ಹಾಕಿದ ಬಾಗಿಲಿಗೆ ಬಡಪಾಯಿಯೊಬ್ಬಳ ಬೆರಳು ಸಿಕ್ಕಿಸಲು ಹೊರಟಿದ್ದ. ಆದರೆ ಹಳೇ ಹಾಳೆಯ ಮೇಲಿನ ಸಹಿ ಅವಳದೇ. ಅಷ್ಟು ಹೇಸಿಗೆಯ ಮನುಷ್ಯ ಅಷ್ಟೊಂದು ನಿಜವಾದ ಮಾತಾಡಿದ್ದು ಅವಳಿಗೆ ಮೈಯೆಲ್ಲ ಉರಿಯುವಂತೆ ಮಾಡಿತು.

ಅವನ ಮೇಜಿನಿಂದಲೇ ಒಂದು ಖಾಲಿ ಹಾಳೆ ಎಳೆದುಕೊಂಡಳು. ಎಂಟನೇ ಪೆಟ್ಟಿಗೆಯ ಕೀಲಿ ಮಾಡುವಾಗ ಯಂತ್ರ ಎರಡು ಸಲ ಆರಿ ಹೊತ್ತಿದ್ದನ್ನು ನಾನು ಕೇಳಿದ್ದೇನೆ, ಪರೀಕ್ಷೆ ನಡೆಯಲಿಲ್ಲ, ನಡೆಯಿತು ಎಂದು ನಾನು ಸುಳ್ಳು ಗುರುತು ಹಾಕಿದ್ದೇನೆ, ಇಂದು ಅರಗು ಯಾವುದೂ ಒಡೆದಿರಲಿಲ್ಲ, ಆದರೂ ಪೆಟ್ಟಿಗೆ ತೆರೆಯಲಿಲ್ಲ ಎಂದು ಬರೆದು, ತನ್ನ ನಿಜವಾದ ಹೆಸರು ಹಾಕಿ ಸಹಿ ಮಾಡಿದಳು. ಅದನ್ನು ಮಡಚಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡಳು.

“ಕೆಲಸ ಹೋಗತ್ತೆ” ಎಂದ ಅಧ್ಯಕ್ಷ.

“ಇದನ್ನ ಕೆಲಸ ಅಂತೀರಾ ನೀವು?” ಎಂದು ಅವಳು ಎದ್ದಳು. ಬಾಗಿಲವರೆಗೆ ಜೋರಾಗಿಯೇ ನಡೆದು, ಮೆಟ್ಟಿಲಿಳಿದು ಅಕ್ಕನನ್ನು ಹುಡುಕಿಕೊಂಡು ಹೊರಟಳು.

ಅಕ್ಕ ಸಂಘದ ಕಚೇರಿಯಲ್ಲಿದ್ದಳು. ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತು, ಯಾವ ಮನೆಗೆ ಮೊದಲು ಕೊಡಬೇಕು ಎಂದು ಪಟ್ಟಿ ಮಾಡುತ್ತಿದ್ದಳು. ಬಾಣಂತಿಯರು ಮೊದಲು, ಆಮೇಲೆ ಒಂಟಿ ಹೆಂಗಸರು, ಬಾಡಿಗೆ ಮನೆಯವರು. ತಂಗಿಯನ್ನು ನೋಡಿ ಅವಳ ಮುಖ ಅರಳಿತು.

“ಬಂದೇಬಿಟ್ಯಾ? ಆಯ್ತಾ?”

ಅರಗಮ್ಮ ಹಾಳೆ ಕೊಟ್ಟಳು. ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. ಮುಗಿಸಿ, ಮತ್ತೆ ಮೊದಲಿನಿಂದ ಓದಿದಳು. ಫೋನು ತೆಗೆದು ನೋಡುವ ಕೀಲಿ ತೆರೆದಳು. ಅಂಕಿ ಇತ್ತು. ಅದನ್ನು ತಂಗಿಯ ಕಡೆ ಹಿಡಿದಳು.

“ಇಲ್ಲಿ ಇದೆಯಲ್ಲೇ.”

“ಇದೆ ಅಕ್ಕ. ಇದ್ದೇ ಇರತ್ತೆ. ತೆಗೆಯೋಕಾಗಲ್ಲ.”

“ಯಾವಾಗ್ಲೂ?”

“ಯಾವಾಗ್ಲೂ.”

ಅಕ್ಕ ಫೋನನ್ನು ಮೇಜಿನ ಮೇಲೆ ಕವಚಿ ಇಟ್ಟಳು.

“ಆ ಸದ್ದು ನಿನಗೆ ಕೇಳಿಸ್ತು.”

“ಹೂಂ.”

“ಅವರು ಮಾಡ್ತಿರೋದು ತಪ್ಪು ಅಂತ ಗೊತ್ತಿತ್ತು.”

“ಹೂಂ. ಒಂದು ಸಲ ಹೇಳ್ದೆ. ನನ್ನ ಬಾಯಿ ಮುಚ್ಚಿಸಿದ್ರು.”

“ಎರಡನೇ ಸಲ?”

ಯಾವಾಗಲೂ ಮುಂದೆ ಬಂದಿರುತ್ತಿದ್ದ ಕೆಳತುಟಿಯನ್ನು ಅರಗಮ್ಮ ಒಳಗೆಳೆದುಕೊಂಡಳು. “ಹೇಳ್ಲಿಲ್ಲ. ಇವರು ಮುಳುಗ್ಲಿ, ನೋಡೋಣ ಅಂತ ಕೂತಿದ್ದೆ ಅಕ್ಕ. ಇಂಥ ಅಯೋಗ್ಯರಿಗೆ ಹೀಗೇ ಆಗ್ಬೇಕು, ಆಗ ಗೊತ್ತಾಗತ್ತೆ ಇವರಿಗೆ ಅಂತ. ಆ ಪೆಟ್ಟಿಗೆಯಲ್ಲಿ ಯಾರದೋ ದುಡ್ಡು ಇರತ್ತೆ ಅಂತ ತಲೆಗೇ ಬರ್ಲಿಲ್ಲ. ಆಮೇಲೆ ನಿಮ್ಮದು ಅಂತ ಗೊತ್ತಾದಾಗ, ಹೇಳಕ್ಕೆ ನಾಚಿಕೆ ಆಯ್ತು.”

“ನಾನು ಕೇಳಿದ್ನಲ್ಲೇ ಅವತ್ತು. ಕಾಫಿ ಕೊಡ್ತಾ ಕೇಳಿದೆ.”

“ಕೇಳ್ದೆ ಅಕ್ಕ.”

ಬೈಯಲಿ ಎಂದು ಅರಗಮ್ಮ ಕಾದಳು. ಅಕ್ಕ ಬೈಯಲಿಲ್ಲ. ಮಂಡಿ ಹಿಡಿದುಕೊಂಡು ಮೆಲ್ಲಗೆ ಎದ್ದು, ಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಕಸದ ಬುಟ್ಟಿಗೆ ಹಾಕಿದಳು. “ಹೊರಗೆ ಸಭಾಂಗಣದಲ್ಲಿ ಮುನ್ನೂರು ಜನ ಕಾಯ್ತಾ ಇದಾರೆ. ಬಾ. ನೀನೇ ಹೇಳು” ಎಂದಳು.

“ಅಕ್ಕ, ನೀನು ಹೇಳು. ನನ್ನ ಕೈಲಿ ಆಗಲ್ಲ.”

“ನಾನು ನಿನ್ನ ಹೆಸರು ಹೇಳಿ ಅವರನ್ನ ಒಪ್ಪಿಸ್ದೋಳು. ಇದನ್ನೂ ನಾನೇ ಹೇಳ್ಬೇಕಾ?”

ಸಭಾಂಗಣದ ಬಾಗಿಲು ತೆರೆದಾಗ ಮಾತಿನ ಗದ್ದಲ ಇತ್ತು. ಹೆಂಗಸರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಕಿಟಕಿಯ ಕಟ್ಟೆಗಳ ಮೇಲೆ, ನೆಲದ ಮೇಲೆ ಮಕ್ಕಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದರು. ಎಂಟು ದಿನ ಬಿಸಿಲಲ್ಲಿ ಗೇಟಿನ ಮುಂದೆ ನಿಂತು ಮುಖ ಕಪ್ಪಾಗಿತ್ತು. ಖಜಾಂಚಿಯ ಹಿಂದೆ ಬಂದವಳನ್ನು ನೋಡಿ ಮುಂದಿನ ಸಾಲಿನಲ್ಲೊಬ್ಬಳು ಪಕ್ಕದವಳ ತೋಳು ಹಿಡಿದು ಏನೋ ಹೇಳಿದಳು. ಮಾತು ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. “ತಂಗಿ ಕಣ್ರೇ, ಕಂಪನಿಯಿಂದ ತಂಗಿನೇ ಬಂದಿದಾಳೆ” ಎಂದು ಯಾರೋ ಜೋರಾಗಿಯೇ ಕೂಗಿದರು.

ಒಬ್ಬಳು ಎದ್ದು ಚಪ್ಪಾಳೆ ತಟ್ಟಿದಳು. ನೋಡುತ್ತಾ ಇದ್ದಂತೆ ಎಲ್ಲರೂ ಎದ್ದರು. ನೆಲದಲ್ಲಿ ಕೂತಿದ್ದವರು ಮಕ್ಕಳನ್ನು ಎತ್ತಿಕೊಂಡೇ ಎದ್ದರು. ಅಕ್ಕ ಅವರನ್ನು ತಡೆಯಲಿಲ್ಲ. ಮೈಕನ್ನು ತಂಗಿಯ ಕೈಗೆ ಕೊಟ್ಟು ಪಕ್ಕಕ್ಕೆ ಸರಿದು ನಿಂತಳು.

ಅರಗಮ್ಮ ಮೈಕು ಹಿಡಿದುಕೊಂಡು, ಚಪ್ಪಾಳೆ ನಿಲ್ಲುವವರೆಗೂ ಕಾಯಬೇಕಾಯಿತು. ಬಹಳ ಹೊತ್ತಾದರೂ ಅದು ನಿಲ್ಲಲಿಲ್ಲ.